ತೋಡು

ಗೌಲ್ಬರ್ನ್‌ನ ಆಚೆ, ಈ ತೊರೆಯ ಬೆನ್ನು ನೆಟ್ಟಗೆ ಮಾಡಿದವನು ನಾನೇ.
ಆಗ ನನಗೆ ಇಪ್ಪತ್ಮೂರು, ಹಳದಿ ಯಂತ್ರ ಹೊಸದು.
ಟುಲಕ್ ಮುದುಕ ಬೇಲಿಗೂಟಕ್ಕೆ ಒರಗಿ ನಿಂತು
"ಕುಡಿದವನ ಹಾಗೆ ಹೊರಳುತ್ತದೆ, ಸರಿಮಾಡು" ಅಂದಿದ್ದ.
ಹನ್ನೊಂದು ದಿನ. ಜೊಂಡು ಕಿತ್ತೆ, ಕೆಸರು ಎತ್ತಿದೆ,
ಒಂಬತ್ತು ಬಳುಕುಗಳನ್ನು ಒಂದೇ ಗೀಟು ಮಾಡಿದೆ.
ನೀರು ಓಡಿತು ನೋಡಿ! ಓಟವೆಂದರೆ ಓಟ,
ಶಾಲೆ ಬಿಟ್ಟ ಮಕ್ಕಳ ಹಾಗೆ, ಹಿಂದೆ ನೋಡದೆ.
ಸಂಜೆ ಮುದುಕ ಬಿಯರ್ ಹಿಡಿದು ಸದ್ದು ಕೇಳುತ್ತ ಕೂರುತ್ತಿದ್ದ.
"ಕೆಲಸ ಮಾಡುವ ನೀರು" ಅನ್ನುತ್ತಿದ್ದ.

ಕೆಲಸ ಮಾಡಿತು, ನಿಜ.
ಮೊಣಕಾಲುದ್ದದ ತೋಡು ಎದೆಮಟ್ಟ ಇಳಿಯಿತು,
ಎದೆಮಟ್ಟದ್ದು ಎರಡಾಳು.
ದಂಡೆ ಕುಸಿದು ಬೇಲಿ ಗಾಳಿಯಲ್ಲಿ ನೇತಾಡಿತು:
ತಂತಿಗೆ ಕಂಬಗಳುಂಟು, ಕಂಬಗಳಿಗೆ ನೆಲವಿಲ್ಲ.
ಇಕ್ಕೆಲದ ಬಯಲು ಒಳಗೊಳಗೇ ಬರಿದಾಯಿತು.
ಜನವರಿಯಲ್ಲಿ ಕುರಿಗಳು ಮಣ್ಣನ್ನೇ ಮೂಸುತ್ತಿದ್ದವು.

ಈಗ ನನಗೆ ಅರವತ್ತಾರು.
ಮುದುಕನ ಮೊಮ್ಮಗಳು ಮೆರಿನ್ ಫೋನ್ ಮಾಡಿ
"ವೆಲ್ಲಾ, ನೀನು ತೆಗೆದದ್ದನ್ನೆಲ್ಲ ವಾಪಸ್ ಹಾಕಬೇಕು" ಅಂದಳು.
ಕಸಬುದಾರನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.
ಗಂಟೆಗೆ ಎಷ್ಟು ಕೊಡುತ್ತಿ ಎಂದಷ್ಟೇ ಕೇಳಿದೆ.

ಮೊದಲ ಕಟ್ಟೆ ಬಂಡೆ, ದಿಮ್ಮಿ, ಜೊಂಡಿನ ಹೆಂಟೆಗಳದ್ದು.
ಆಗಸ್ಟಿನ ಒಂದೇ ರಾತ್ರಿ ಪೂರ್ತಿ ಕೊಚ್ಚಿಹೋಯಿತು.
ಕೆಳಗಿನ ಹೊಲದ ಅಥೊಲ್ ಪ್ರಿಂಗಲ್, ಬೆಳಗ್ಗೆ,
ನಮ್ಮದೇ ದಿಮ್ಮಿಯನ್ನು ಟ್ರಕ್ಕಿನಲ್ಲಿ ತಂದು
ಮಾತಿಲ್ಲದೆ ಗೇಟಿನ ಮುಂದೆ ಉರುಳಿಸಿ ಹೋದ.
ಎರಡನೆಯದನ್ನು ತಗ್ಗಾಗಿ ಕಟ್ಟಿದೆವು, ಸೋರುವ ಹಾಗೆ.
ನನಗೆ ಅದೇ ಕಷ್ಟ. ಸೋರದಂತೆ ಕಟ್ಟುವುದು ಗೊತ್ತಿತ್ತು;
ಸೋರಲೆಂದೇ ಕಟ್ಟುವುದನ್ನು ಈ ವಯಸ್ಸಿನಲ್ಲಿ ಕಲಿತೆ.
ತಡೆಯಬೇಡ, ತಡಮಾಡಿಸು, ಅಂದಳು ಮೆರಿನ್,
ಹೊರಟು ನಿಂತ ನೆಂಟರಿಗೆ ಇನ್ನೊಂದು ಲೋಟ ಚಹಾ ಸುರಿಯುವ ಹಾಗೆ.

ಇಲಾಖೆಯ ಪತ್ರ ಬಂತು: ವಿಲೋ ಮರಗಳು ಕಳೆ, ಕಡಿಯಿರಿ.
ಅವಳು ಅದನ್ನು ಫ್ರಿಜ್ಜಿಗೆ ಅಂಟಿಸಿ
ಮೂರು ವಿಲೋಗಳಿಗೂ ಚಿಕ್ಕಮ್ಮಂದಿರ ಹೆಸರಿಟ್ಟಳು.
ಪ್ರಿಂಗಲ್ ಬಂದ: "ನನ್ನ ಪಾಲಿನ ನೀರು ಹಿಡಿದಿಟ್ಟಿದ್ದೀಯ."
ಕೈಯಲ್ಲಿ ಕೋಲು, ಅದರ ಮೇಲೆ ಚಾಕುವಿನ ಗೀರು, ತಾರೀಖು ಸಮೇತ.
ಆ ಗೀರುಗಳು ಮೊದಲ ವರ್ಷ ಅವನ ಪರ,
ಎರಡನೆಯ ವರ್ಷ ಯಾರ ಪರವೂ ಅಲ್ಲ.
ಮೂರನೆಯ ಫೆಬ್ರವರಿಯಲ್ಲಿ, ಅಷ್ಟು ಬಿಸಿಲಿನಲ್ಲಿ, ಬಂದ;
ಕೋಲು ತಂದಿರಲಿಲ್ಲ.
ದಿಮ್ಮಿಗಳು ಇನ್ನೂ ಬೇಕಾ ಎಂದು ಕೇಳಿದ.

ನನ್ನಪ್ಪ ಗೋಜೊ ದ್ವೀಪದವನು. ಅಲ್ಲಿ ಮನೆಯೆಂದರೆ
ಮೊದಲು ಬಂಡೆಯಲ್ಲಿ ಕೊರೆದ ಬಾವಿ, ಆಮೇಲೆ ಗೋಡೆ.
ಮಾಳಿಗೆಗೆ ಬಿದ್ದ ಹನಿಹನಿಗೂ ಲೆಕ್ಕ.
ಮಗ ಇಲ್ಲಿ ನೀರು ಓಡಿಸುವ ಕೆಲಸ ಹಿಡಿದಾಗ
ಅವನು ಏನೂ ಅನ್ನಲಿಲ್ಲ.
ಟೋಪಿ ತೆಗೆದು ತೋಡಿನೊಳಗೆ ನೋಡಿದ,
ಮತ್ತೆ ಹಾಕಿಕೊಂಡ.
ಸಾವಿನ ಮನೆಯಲ್ಲಿ ಮಾಡುವ ಹಾಗೆ. ನನಗೆ ತಿಳಿಯಲಿಲ್ಲ.

ಮೊನ್ನೆ ತೊರೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ
ಹೊಸ ಬೇಲಿಗೆ ಗುಂಡಿ ತೋಡಿದೆ.
ಮೊಣಕೈ ಆಳದಲ್ಲಿ ಮಣ್ಣು ಕರ್ರಗೆ, ತಣ್ಣಗೆ;
ಹಿಡಿದರೆ ಉಂಡೆ, ಬಿಟ್ಟರೆ ಕೈತುಂಬ ಕಲೆ.
ನೀರು ಕಾಣಲಿಲ್ಲ. ಇಂಗಿತ್ತು.
ಇಂಗದೆ ಯಾವ ದಾಹವೂ ಹಿಂಗುವುದಿಲ್ಲ.

ತೊರೆ ಈಗ ಸದ್ದು ಮಾಡುವುದಿಲ್ಲ.
ಮುದುಕ ಇದ್ದಿದ್ದರೆ ಸತ್ತಿದೆ ಅನ್ನುತ್ತಿದ್ದ.
ಒಂಬತ್ತರಲ್ಲಿ ಮೂರು ಬಳುಕು ಮರಳಿವೆ,
ಅದೂ ಹಳೆಯ ಜಾಗದಲ್ಲಲ್ಲ; ನಾನು ಮಾಡಿದ್ದೂ ಅಲ್ಲ,
ಜೊಂಡಿನ ನಡುವೆ ತಡಕಾಡಿ ನೀರೇ ಹುಡುಕಿಕೊಂಡದ್ದು.
ಇಂಜಿನ್ ಆರಿಸಿ ನೋಡುತ್ತ ಕೂತೆ.
ಬಹಳ ಹೊತ್ತು.
ಬಿಲ್ಲಿನಲ್ಲಿ ಆ ಹೊತ್ತನ್ನು ಬರೆದಿಲ್ಲ.