ನಾಲ್ಕೂಕಾಲು

ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ತಾಯಿಯ ಊರು ನಮ್ಮದು.
ಮುಚ್ಚುವಾಗ ಹಚ್ಚಿಟ್ಟ ದೀಪ
ಮರುವರ್ಷವೂ ಉರಿಯುತ್ತಿರುತ್ತದಂತೆ.
ನನ್ನ ಬಾಗಿಲು ತೆಗೆದದ್ದು ಏಳು ವರ್ಷಕ್ಕೆ.
ದೀಪ ಎಲ್ಲಿ ಬಂತು,
ಬೆಂಕಿಪೊಟ್ಟಣ ಎಲ್ಲಿಟ್ಟೆನೆಂಬುದೇ ಮರೆತಿತ್ತು.

ತೀರ್ಥೇಶ, ನಿಮ್ಮನ್ನು ದೂರುತ್ತಿಲ್ಲ.
ಮಹಾರಾಜ ಪಾರ್ಕಿನ ಕಲ್ಲುಬೆಂಚಿನ ಮೇಲೆ
ಕರವಸ್ತ್ರ ಹಾಸಿ ಮೊದಲು ಇಬ್ಬನಿಯನ್ನು ಕೂರಿಸಿದಿರಿ.
ಅಲ್ಲೇ ಅರ್ಧ ಸೋತೆ.
ಮುಂದಿನ ಭಾನುವಾರ ಅವಳ ಸೈಕಲ್ಲಿನ ಚೈನು ಹಾಕಿ
ಗ್ರೀಸು ಮೆತ್ತಿದ ಕೈಯನ್ನು ನನ್ನ ಟವೆಲಿಗೆ ಒರೆಸದೆ
ಹಳೇ ಪೇಪರು ಕೇಳಿದಿರಿ.
ಇಂಥವಕ್ಕೆಲ್ಲ ಲೆಕ್ಕ ಇಡುವವಳು ನಾನು.
ಹಾಸನದ ಡಿಪೋದಲ್ಲಿ ಕಂಡಕ್ಟರುಗಳ ಚಿಲ್ಲರೆ ಎಣಿಸಿ ಎಣಿಸಿ
ಖೋಟಾ ನಾಣ್ಯ ಕಣ್ಣಿಗಿಂತ ಮುಂಚೆ
ಹೆಬ್ಬೆರಳಿಗೆ ಗೊತ್ತಾಗುತ್ತೆ.
ನಿಮ್ಮದು ಸವೆದಿತ್ತು. ಖೋಟಾ ಅಲ್ಲ.

ಅಕ್ಕ ಮೊದಲೇ ಹೇಳಿದ್ದಳು:
"ಮಗು ಇರೋಳು ಜಾಸ್ತಿ ಆರಿಸ್ತಾ ಕೂರಬೇಡ.
ಓಟಿನ ಮಾತು ಎತ್ತಬೇಡ.
ಕುಡಿಯಲ್ಲ, ಕೈ ಮಾಡಲ್ಲ, ಇನ್ನೇನು ಬೇಕು ನಿಂಗೆ?"
ಸರಿ ಎಂದುಕೊಂಡೆ.
ನಿಮ್ಮ ಬೈಕಿನ ಹಿಂದಿನ ಸ್ಟಿಕ್ಕರು
ಎರಡು ತಿಂಗಳು ನನಗೆ ಕಾಣಲೇ ಇಲ್ಲ,
ಹಿಂದೆ ಕೂತವರಿಗೆ ಅದು ಕಾಣೋದಿಲ್ಲ ನೋಡಿ.
ನೀವು ಕಳಿಸಿದ್ದರಲ್ಲಿ ಗುಲಾಬಿಗಳನ್ನಷ್ಟೇ ತೆರೆದೆ,
ವಿಡಿಯೋಗಳನ್ನು ಹಾಗೇ ಬಿಟ್ಟೆ.
ನಿಮ್ಮ ತಾಯಿ "ಯಾವ ಪೈಕಿ?" ಎಂದಾಗ
"ಡಿಪೋ ಪೈಕಿ" ಅಂದೆ.
ನೀವು ನಕ್ಕಿರಿ.
ಆ ನಗುವಿನ ಮೇಲೊಂದು ಮನೆ ಕಟ್ಟಬಹುದು ಅನ್ನಿಸಿತು,
ಪಾಯ ತೋಡಿ ನೋಡದೆ.

ಆಮೇಲೆ ಆ ಶನಿವಾರ
ಇಬ್ಬನಿ ಬ್ಯಾಗಿನಿಂದ ಡಬ್ಬಿ ತೆಗೆದು
"ಸಫೂರಾ ಅಮ್ಮ ಮಾಡಿದ್ದು" ಎಂದು
ಗೋಧಿ ಹಲ್ವಾದ ಒಂದು ತುಂಡು ನಿಮಗೂ ಚಾಚಿದಳು.
ನೀವು ಬೈಯಲಿಲ್ಲ.
ಬೈದಿದ್ದರೆ ಸುಲಭವಿತ್ತು.
ಮುಚ್ಚಳ ಮೆಲ್ಲಗೆ ಮುಚ್ಚಿ, ಅವಳ ತಲೆ ಸವರಿ,
ನನ್ನ ಕಡೆ ತಿರುಗಿ ಹಿತದವರ ದನಿಯಲ್ಲಿ:
"ಅವರ ಮನೇಲೆಲ್ಲ ತಿನ್ನೋಕೆ ಬಿಡಬೇಡಿ.
ಮದುವೆ ಆದ್ಮೇಲೆ ಇದೆಲ್ಲ ತಾನಾಗೇ ನಿಲ್ಲುತ್ತೆ, ಬಿಡಿ."

ನಿಲ್ಲುತ್ತೆ.

ತೀರ್ಥೇಶ, ಶಾಲೆ ಬಿಡೋದು ನಾಲ್ಕೂಕಾಲಿಗೆ.
ನನ್ನ ಕೊನೆಯ ಟ್ರೇ ಮುಗಿಯೋದು ಏಳಕ್ಕೆ.
ನಡುವಿನ ಎರಡೂಮುಕ್ಕಾಲು ಗಂಟೆ ಅಂದರೆ
ಪೆನ್ಷನ್ ಮೊಹಲ್ಲಾದ ಒಂದು ಹಸಿರು ಬಾಗಿಲು.
ಒಳಗೆ ಮೆಹರುನ್ನಿಸಾ ಹೊಲಿಗೆ ಮಿಷನ್ನು ತುಳಿಯುತ್ತ
ಇಬ್ಬರಿಗೂ ಮಗ್ಗಿ ಒಪ್ಪಿಸಲು ಹೇಳುತ್ತಾಳೆ,
ಹದಿಮೂರರದ್ದು ಅವಳಿಗೇ ಬರೋದಿಲ್ಲ.
ನನ್ನ ಮಗಳ ಮೊದಲ ಹಲ್ಲು ಬಿದ್ದದ್ದು ಅಲ್ಲಿ.
ಡೆಂಗೀ ಜ್ವರದ ಮೂರು ರಾತ್ರಿ
ಒದ್ದೆ ಬಟ್ಟೆ ಹಿಂಡಿದ್ದು ಅವಳು.
ಮಗುವಿನ ಅಪ್ಪ ಫೋನು ಎತ್ತಲಿಲ್ಲ.
ಅಕ್ಕ ಎತ್ತಿದಳು,
ಫೋನಿನಲ್ಲೇ ದೃಷ್ಟಿ ತೆಗೆದಳು.
ಆ ಮುಚ್ಚಳದಡಿ ಏನೇನು ಮುಚ್ಚಿಹೋಯ್ತೆಂದು
ನಿಮಗೆ ಗೊತ್ತಿರಲಿಲ್ಲ.
ಗೊತ್ತಿದ್ದರೆ?
ಮೂರು ದಿನದಿಂದ ಇದಕ್ಕೇ ನಿದ್ದೆ ಇಲ್ಲ.

ರಾತ್ರಿ ಇಬ್ಬನಿ ಕೇಳಿದಳು:
"ಅಂಕಲ್‌ಗೆ ಹಲ್ವಾ ಸೇರಲ್ವಾ?"
"ಸಕ್ಕರೆ ಕಾಯಿಲೆ ಇರಬೇಕು" ಎಂದೆ.
ನಿಮಗಾಗಿ ಹೇಳಿದ ಎರಡನೆಯ ಸುಳ್ಳು ಅದು.
ಮೊದಲನೆಯದು ಸ್ಟಿಕ್ಕರು.

ಮಂಗಳವಾರ ನಿಮ್ಮ ಅಂಗಡಿಗೆ ರಜೆ.
ನಾಲ್ಕೂಕಾಲಿಗೆ ಶಾಲೆಯ ಗೇಟಿಗೆ ಬನ್ನಿ.
ಹುಡುಗಿಯರಿಬ್ಬರನ್ನೂ ನಡೆಸಿಕೊಂಡು
ಹಸಿರು ಬಾಗಿಲ ತನಕ ಹೋಗಿ.
ಟೀ ಕೊಡುತ್ತಾಳೆ, ಸಕ್ಕರೆ ಜಾಸ್ತಿ. ಕುಡಿಯಿರಿ.
ಒಂದು ಲೋಟ ಟೀಗೆ ಮನುಷ್ಯ ಬದಲಾಗುತ್ತಾನೆಂಬ
ವಯಸ್ಸು ನನ್ನದಲ್ಲ.
ಕುಡಿದಾದ ಮೇಲೆ ಲೋಟವನ್ನು
ಹೇಗೆ ಕೆಳಗಿಡುತ್ತೀರಿ,
ಅಷ್ಟು ನೋಡಬೇಕು.

ಬರದಿದ್ದರೂ ಪರವಾಗಿಲ್ಲ.
ನೀವು ತಂದ ಪುಟ್ಟ ಹೆಲ್ಮೆಟ್ಟನ್ನು
ಡಿಪೋ ಕೌಂಟರಿನಲ್ಲಿ ಹೆಸರು ಬರೆದು ಇಟ್ಟಿರುತ್ತೇನೆ.
ಇಬ್ಬನಿಯ ತಲೆಗೆ ಅದು ಸ್ವಲ್ಪ ಸಡಿಲ.
ಬೆಳೆದರೆ ಸರಿಹೋಗುತ್ತಿತ್ತು.