ಮ್ಯಾಟಿನಿಯ ರೊಕ್ಕ

ಹತ್ತನೇ ಇಯತ್ತೆಯ ನೋಟ್‌ಬುಕ್ಕುಗಳನ್ನು
ತೂಕಕ್ಕೆ ಹಾಕಿದೆವು.
ರದ್ದಿ ಅಂಗಡಿಯ ತಕ್ಕಡಿಯಲ್ಲಿ
ಮಾಣಿಕಪ್ಪನ ಇತಿಹಾಸ ನನ್ನ ವಿಜ್ಞಾನಕ್ಕಿಂತ ಭಾರ.
ಮಾರ್ಥಾ ಗಣಿತದ್ದೊಂದು ಕೊಡಲಿಲ್ಲ.
"ಇರಲಿ, ಬೇಕಾಗ್ತದ" ಅಂದಳು
ಮುಖ ಆಚೆ ತಿರುವಿ.

ಮ್ಯಾಟಿನಿಗೆ ನಾಲ್ಕು ಟಿಕೀಟಿನಷ್ಟು ರೊಕ್ಕ.
ಪೋಸ್ಟರಿನಲ್ಲಿ ನಾಲ್ವರು ಹುಡುಗರು, ತೆರೆದ ಜೀಪು,
ಹಿಂದೆ ಸಮುದ್ರ.
ತಾಜೋದ್ದೀನ ಬಹಳ ಹೊತ್ತು ಆ ಸಮುದ್ರ ನೋಡಿ
"ಇದನ್ನ ಕೂತು ನೋಡೂದೇನ್ ಬೇ" ಅಂದ.
ರೊಕ್ಕಕ್ಕೆ ಒಂದು ಬ್ಯಾಟರಿ, ಮೂರು ಸೆಲ್ಲು ಬಂದವು,
ಚಿಲ್ಲರೆಗೆ ಹುರಿದ ಬಟಾಣಿ.

ನೌಬಾದಿನ ಸುರಂಗ ಬಾವಿ.
ಯಾವ ಸುಲ್ತಾನ ತೋಡಿಸಿದ್ದೋ,
ನೆಲದ ಹೊಟ್ಟೆಯೊಳಗೆ ನೀರಿಗೊಂದು ಓಣಿ.
ಮೇಲೆ ಮೇ ತಿಂಗಳು, ಬೀದರಿನ ಕೆಂಪು ಕಲ್ಲು
ರೊಟ್ಟಿ ಹಂಚಿನಂತೆ ಕಾದಿತ್ತು.
ಇಳಿದಂತೆ ಮೊದಲು ಪಾದ ತಣ್ಣಗಾಯಿತು,
ಆಮೇಲೆ ಮೊಣಕಾಲು,
ಆಮೇಲೆ ಮಾತು.

ಅಲ್ಲಲ್ಲಿ ಮೇಲೊಂದು ಬಾವಿಯ ಬಾಯಿ,
ಅದರ ಕೆಳಗೆ ನೀರಿನ ಮೇಲೆ ದುಂಡಗೆ ಬೆಳಕು,
ಯಾರೋ ತಟ್ಟಿ ಬೇಯಿಸಲು ಮರೆತ ರೊಟ್ಟಿ.
ಒಂದು ರೊಟ್ಟಿಯಿಂದ ಇನ್ನೊಂದಕ್ಕೆ ನಡೆದೆವು.
ನಾಲ್ಕನೆಯದು ದಾಟಿದ ಮೇಲೆ
ಬ್ಯಾಟರಿ ನೀರಿಗೆ ಬಿತ್ತು.
ಯಾರ ಕೈಯಿಂದ ಎಂಬುದಕ್ಕೆ ಇವತ್ತಿಗೂ ಜಗಳ.

ಆ ಕತ್ತಲು ಬರೀ ಕತ್ತಲಲ್ಲ,
ಕಣ್ಣು ಇದ್ದದ್ದೇ ಸುಳ್ಳು ಅನಿಸುವಂಥದ್ದು.
ಆಗ ನನ್ನ ಅಂಗಿಯ ಚುಂಗು ಯಾರೋ ಹಿಡಿದರು.
ಒದ್ದೆ ಬೆರಳು. ಬಿಕ್ಕು.
ದಾರಿಯುದ್ದಕ್ಕೂ ದೆವ್ವದ ಕಥೆ ಹೇಳುತ್ತ ಬಂದವನ ಬೆರಳು.
ನಾನು ತಿರುಗಲಿಲ್ಲ, ಕೇಳಲಿಲ್ಲ,
ಮೇಲೆ ಬಂದು ಯಾರಿಗೂ ಹೇಳಲಿಲ್ಲ ಇಪ್ಪತ್ತೆರಡು ವರ್ಷ.
ಈಗ ಹೇಳಿಬಿಟ್ಟೆ.
ಮಾಫ್ ಮಾಡೋ ಮಾಣಿಕ.

ಐದನೆಯ ರೊಟ್ಟಿಯ ನಡುವೆ ಒಂದು ಬಕೀಟು ಇಳಿದಿತ್ತು.
ತಾಜ್ಯಾ ಸುಮ್ಮನಿರಬೇಕಲ್ಲ, ಹಿಡಿದು ಜಗ್ಗಿದ.
ಮೇಲೆ ಚೀರಾಟ, ಹಗ್ಗ ಪೂರಾ ನಮ್ಮ ತಲೆಯ ಮೇಲೆ.
ಬಹಳ ಹೊತ್ತಿಗೆ ಒಂದು ಮುದಿ ಮುಖ ಬಗ್ಗಿ ಕೇಳಿತು:
"ಯಾರ ಮಕ್ಕಳ್ರೋ ನೀವು? ಸತ್ತವ್ರೋ, ಇದ್ದವ್ರೋ?"

ನಾಲ್ವರ ಅಪ್ಪಂದಿರ ಹೆಸರೂ ಗಂಟಲಲ್ಲೇ ನಿಂತವು.
ಹೇಳಿದರೆ ಸಂಜೆಗೆ ಬೆಲ್ಟು.
ನೀರು ಮಾತ್ರ ಕಾಲಸಂದಿಯಲ್ಲಿ ಹಾದು ಹೋಗುತ್ತಿತ್ತು.
ಮಾರ್ಥಾ ಕತ್ತೆತ್ತಿ ಅಂದಳು:
"ಯಾರವ್ರೂ ಅಲ್ಲ ಆಯಿ, ನಾವು ನಾವೇ."

ಬಕೀಟು ಮರಳಿಸಲು ಮೇಲೆ ಬಂದು ಅವಳ ಮನೆ ಹುಡುಕಿದೆವು.
ಕೆಳಗೆ ಒಂದೇ ದಾರಿ ಇದ್ದದ್ದು
ಮೇಲೆ ಕಂಪೌಂಡು, ಮುಳ್ಳುತಂತಿ, ಪ್ಲಾಟಿನ ಕಲ್ಲು, ನಾಯಿ.
ಸಿಗಲಿಲ್ಲ.
ಬಕೀಟು ಮಾರ್ಥಾಳ ಅಂಗಳದ ಕರಿಬೇವಿಗೆ ನೀರು ಹಾಕುತ್ತ ಮುದಿಯಾಯಿತು.

ತಾಜೋದ್ದೀನ ಕರ್ಚೀಫಿನಲ್ಲಿ ಒಂದು ಹಿಡಿ ಮಣ್ಣು ತಂದಿದ್ದ,
ಬಿಸಿಲು ಕಾಣದ, ಮಳೆ ಕಾಣದ ಮಣ್ಣು;
ಬಿದರಿ ಹೂದಾನಿಗೆ ಕಪ್ಪು ಕೊಡುವುದು ಅಂಥದ್ದೇ ಎಂದು
ಮನೆಯ ಕಾರ್ಖಾನೆಯಲ್ಲಿ ಕೇಳಿ ಬೆಳೆದವನು.
ಅವರ ಅಬ್ಬಾ ಚಿಟಿಕೆ ತಗೊಂಡು ನಾಲಿಗೆಗಿಟ್ಟರು,
ಕಣ್ಣು ಮುಚ್ಚಿದರು, ಉಗುಳಿದರು.
"ಬರೇ ಕೆಸರು" ಅಂದರು.
ಆದರೂ ಎಸೆಯಲಿಲ್ಲ. ಕಿಟಕಿಯಲ್ಲಿ ಇಟ್ಟರು.

ಫಲಿತಾಂಶದ ದಿನ ನನ್ನ ನಂಬರೊಂದು ಇರಲಿಲ್ಲ.
ಗಣಿತ.
ಮಾರ್ಥಾ ಸೈಕಲ್ ನಿಲ್ಲಿಸದೆ, ಒಂದೇ ಕಾಲೂರಿ,
ಆ ನೋಟ್‌ಬುಕ್ಕು ನನ್ನ ಕೈಗೆ ತುರುಕಿ ಹೋದಳು.
ಆವತ್ತೇ ಗೊತ್ತಿತ್ತೇನೋ ಅವಳಿಗೆ.

ಆ ಸಿನಿಮಾ ಮೊನ್ನೆ ಟೀವಿಯಲ್ಲಿ ಬಂತು.
ಚಲೋ ಇತ್ತು. ಹುಡುಗರು ಸಮುದ್ರ ಮುಟ್ಟುವ ಹೊತ್ತಿಗೆ
ಕರೆಂಟ್ ಹೋಯಿತು.
ಮೊಂಬತ್ತಿ ಎಲ್ಲಿದೆ ಎಂದು ಹೆಂಡತಿ ಕೂಗಿದಳು.
ನಾನು ಏಳಲಿಲ್ಲ.
ಅಂಗಿಯ ಚುಂಗು ಸ್ವಲ್ಪ ಹೊರಗೆ ಎಳೆದು
ಕೂತೆ.