ಹಿಂದಿನ ಅಚ್ಚು

ಲಗ್ಗೆರೆಯ ನಮ್ಮ ಪೋರ್ಟಿಕೋ ಎಂಟಡಿ,
ಜೀಪು ಹನ್ನೆರಡು. ಮೂತಿಯೆಲ್ಲ ರಸ್ತೆಯಲ್ಲಿ.
ಹಿಂಬದಿಯನ್ನು ಜಾಕಿನಿಂದೆತ್ತಿ ಎರಡೂ ಕಡೆ ಸ್ಟ್ಯಾಂಡು ಕೊಟ್ಟು,
ಸಾಲದೆಂದು ಸೈಜುಗಲ್ಲನ್ನೂ ಒತ್ತಿದೆ.
ಡಿಪೋದಲ್ಲಿ ಬಸ್ಸಿನಡಿ ಹತ್ತೊಂಬತ್ತು ವರ್ಷ ಮಲಗಿದವಳು,
ಜಾಕನ್ನು ನಂಬುವುದಿಲ್ಲ.

ಡ್ರೈನ್ ಬೋಲ್ಟು ಬಿಚ್ಚಿದರೆ ಗಂಧಕದ ನಾತ.
ಮೇಲಿನಿಂದ ಓನರಮ್ಮ ಬಗ್ಗಿ, ಏನ್ರೀ ಸತ್ತಿದೆ, ಅಂದರು.
ಎಣ್ಣೆ, ಅಂದೆ.
ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ
ಹತ್ತಿದ ಗುಡ್ಡಗಳಷ್ಟೂ ಕಾಡಿಗೆಯಾಗಿ ಮೆತ್ತಿದ್ದವು.

ತಮ್ಮ ಚೆಲುವರಾಜ ಟಾರ್ಚು ಹಿಡಿದಿದ್ದ.
ಜೀಪು ಅವನದು; ಸಾಲ ನನ್ನ ಹೆಸರಲ್ಲಿ.
"ಅಕ್ಕಾ, ಮಾಗಡಿ ಆಚೆ ಕೆರೆ ಕೋಡೀಲಿ
ಒಂದು ಚಕ್ರ ಕೆಸರಲ್ಲಿ ಸುಮ್ನೆ ಗಿರಗಿರ.
ಇನ್ನೊಂದು ಒಣನೆಲದ ಮೇಲೇ ಇತ್ತು, ಅಲ್ಲಾಡ್ಲಿಲ್ಲ."
ಅಲ್ಲಾಡಲ್ಲ ಕಣೋ. ಡಿಫರೆನ್ಶಿಯಲ್ಲಿನ ಗುಣವೇ ಅದು:
ತಿರುವಿನಲ್ಲಿ ಒಳಚಕ್ರ ನಿಧಾನ, ಹೊರಚಕ್ರ ಬೇಗ,
ಯಾರಿಗೆಷ್ಟು ಬೇಕೋ ಅಷ್ಟು ಓಡಲು ಬಿಡುವ ದೊಡ್ಡ ಮನಸ್ಸು;
ಆದರೆ ಜಾರಿದವನೊಬ್ಬ ಸಿಕ್ಕಿದನೋ
ಇಂಜಿನ್ನಿನ ದುಡಿತವೆಲ್ಲ ಅವನ ಪಾಲು.
ನೆಲ ಕಚ್ಚಿ ನಿಂತವಳಿಗೆ
"ನೀನು ಹೇಗೂ ನಿಂತಿದೀಯಲ್ಲ."

ಅಮ್ಮನ ಮಾತು ಅದು. ಗ್ರೀಸು ಕೈಯಲ್ಲಿ ನೆನೆಯಬಾರದಿತ್ತು.
ಅವನ ಅಂಗಡಿ ಮುಳುಗಿದಾಗ ಬಳೆ, ಆಟೋ ಮುಳುಗಿದಾಗ ಸೈಟು.
ನನಗೆ ಹಬ್ಬಕ್ಕೆ ಒಬ್ಬಟ್ಟಿನ ಡಬ್ಬಿ,
ಡಬ್ಬಿ ವಾಪಸ್ಸು ಕೊಡಬೇಕು.

ಆಕ್ಸಲ್ ಶಾಫ್ಟು ಎರಡನ್ನೂ ಹೊರಗೆಳೆದು
ಬೇರಿಂಗ್ ಕ್ಯಾಪಿಗೆ ಪಂಚಿನಿಂದ ಎಡಕ್ಕೊಂದು ಚುಕ್ಕಿ, ಬಲಕ್ಕೆರಡು.
ಅದಲುಬದಲಾದರೆ ಕೂರವು.
ಹಳೇ ಗೂಡು ತೊಡೆಯ ಮೇಲಿಳಿಯಿತು, ಅಕ್ಕಿಮೂಟೆಯ ಹಾಗೆ ಮೊಂಡು.
ಅದರ ಕ್ರೌನ್ ವೀಲು ಕಳಚಿ ಹೊಸ ಲಾಕರಿಗೆ ತೊಡಿಸಿ,
ಬೋಲ್ಟಿಗೊಂದು ಹನಿ ಕೆಂಪು ಅಂಟು,
ಎದುರು ಬದುರು, ಎದುರು ಬದುರು ಬಿಗಿಯುತ್ತ ಬಂದೆ.
ಕೊನೆಯದಕ್ಕೆ ವ್ರೆಂಚು ಟಿಕ್ ಎನ್ನುವಾಗ ಟ್ಯಾಂಕರಿನವನ ಹಾರ್ನು:
ಗಾಡಿ ತೆಗೀರಿ ಮೇಡಂ!
ಚಕ್ರವೇ ಇಲ್ಲವಲ್ಲಪ್ಪ.
ಬಾನೆಟ್ಟಿನ ಮೇಲೇ ಪೈಪು ಹಾಯಿಸಿ ನೀರು ಬಿಟ್ಟ.

ಸಂಜೆ ಮರಿಯದಾಸಂಕಲ್ ಬಂದರು.
ಗಡಿಯಾರದ ಕಾರ್ಖಾನೆ ಬಾಗಿಲು ಹಾಕಿದ ದಿನ
ಪಿಎಫ್ ಕಾಗದಕ್ಕಿಂತ ಜೋಪಾನವಾಗಿ ತಂದಿದ್ದ ಡಯಲ್ ಗೇಜನ್ನು
ನೀಲಿ ಮಖಮಲ್ಲಿನಿಂದೆತ್ತಿ ಹಲ್ಲಿಗೆ ತಾಗಿಸಿದರು.
ಅಲುಗಿಸು. ಇನ್ನೊಮ್ಮೆ. ಮುಳ್ಳು ಮೂವತ್ತೊಂದು.
"ಜಾಸ್ತಿ. ಒದ್ದಾಡ್ತದೆ."
ಬಲದ ಶಿಮ್ಮು ಎಡಕ್ಕೆ, ಈರುಳ್ಳಿ ಸಿಪ್ಪೆಗಿಂತ ತೆಳು.
ಮತ್ತೆ ಕ್ಯಾಪು, ಮತ್ತೆ ಬಿಗಿ. ಹನ್ನೊಂದು.
"ಕಮ್ಮಿ. ಬಿಸಿಯಾದ್ರೆ ಕಚ್ಕೊಂಡ್ಬಿಡ್ತದೆ."
ನಾಲ್ಕನೆಯ ಸಲ ಹದಿನೆಂಟು.
ಅಂಕಲ್ ಏನೂ ಅನ್ನದೆ ಎಡಗಿವಿ ಮುಟ್ಟಿಕೊಂಡರು.

ಹಲ್ಲಿಗೆ ಹಳದಿ ಸವರಿ ತಿರುಗಿಸಿದೆವು.
ಅಚ್ಚು ಮೂಡಿತು, ಹುರುಳಿಬೀಜದಂತೆ, ಹಲ್ಲಿನ ನಟ್ಟನಡುವೆ.
ಗಾಲಿ ಕೂರುವುದೂ ಅಚ್ಚೇ, ಗುರುತು ಬೀಳುವುದೂ ಅಚ್ಚೇ.
ಅಚ್ಚುಮೆಚ್ಚು ಯಾರೆಂಬುದನ್ನು
ಈ ಗೇಜು ಅಳೆಯುವುದಿಲ್ಲ.

ರಾತ್ರಿ ಹತ್ತಕ್ಕೆ ಅವನೇ ಓಡಿಸಿದ.
ರಿಂಗ್ ರೋಡಿನ ತಿರುವಿನಲ್ಲಿ ಹಿಂದಿನಿಂದ ಕಟಕ್.
"ಮುರಿದ್ಹೋಯ್ತಾ ಅಕ್ಕಾ?"
ಇಲ್ಲ, ಇನ್ನು ಹೀಗೇ. ಮೂಲೆ ತಿರುಗುವಾಗೆಲ್ಲ ಗೊಣಗುತ್ತೆ.
ಕಟ್ಟಡದವರು ಸುರಿದ ಮಣ್ಣುಗುಡ್ಡೆಗೆ ಓರೆಯಾಗಿ ನುಗ್ಗಿಸಿದ:
ಒಂದು ಚಕ್ರ ಗಾಳಿಯಲ್ಲಿ.
ಕೆಳಗಿನದು, ಇಷ್ಟು ದಿನ ಸುಮ್ಮನೆ ನಿಂತಿದ್ದದ್ದು,
ಉಗುರೂರಿ ಹತ್ತಿತು.

ಇಳಿಯುವಾಗ ಈ ತಿಂಗಳ ಕಂತಿನ ಅರ್ಧ ಕೇಳೋಣವೆಂದು
ಬಾಯಿ ತೆರೆದೆ.
ಅಷ್ಟರಲ್ಲಿ ಅವನು:
"ಅಂದ ಹಾಗೆ, ಅಮ್ಮ ಆ ಡಬ್ಬಿ ಕೇಳ್ತಿದ್ಲು."